ಮಗಳು ನನಗೆ ಹೇಳದ ಒಂದು ಶಬ್ದ

ನನ್ನ ಮೊಮ್ಮಗಳು ಮೊದಲನೇ ಸಲ ಸುಳ್ಳು ಹೇಳಿದ ದಿನ ನಾನು ಓಣಿಗೆಲ್ಲ ಪೇಡೆ ಹಂಚಿದ್ದೇನೆ. ಸುಳ್ಳಾದರೂ ಎಂಥದು! ಬೆಲ್ಲದ ಡಬ್ಬಿ ಖಾಲಿ, ಹುಡುಗಿಯ ಬಾಯಿ ಸುತ್ತ ಬೆಲ್ಲ, ಕೇಳಿದರೆ "ಬೆಕ್ಕು ತಿಂದದ ಮುತ್ಯಾ" ಅಂದಳು. ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನಾನು ಹುಡುಗಿಯನ್ನು ಎತ್ತಿಕೊಂಡು ಅಂಗಳದ ತುಂಬ ಕುಣಿದೆ. ಪೇಡೆ ತಗೊಂಡ ಪಕ್ಕದ ಮನೆಯ ಹೆಣ್ಣುಮಗಳು, "ಏನ್ರಿ ಕಾಕಾ, ತೆಲಂಗಾಣ ಬಂತೇನು?" ಅಂತ ಕೇಳಿದಳು.

"ಅದು ಬರ್ತದ ತಗೋ. ಇದು ಅದಕ್ಕಿಂತ ಮೊದಲ ಬಂತು" ಅಂದೆ.

ಆ ಖುಷಿ ನಿಮಗೆ ತಿಳಿಯಬೇಕಾದರೆ ಅದರ ಹಿಂದಿನ ತಲೆಬೇನೆಯನ್ನು ಹೇಳಬೇಕು. ಆ ತಲೆಬೇನೆಯಲ್ಲಿ ನನ್ನ ಮಗಳಿದ್ದಾಳೆ, ಒಂದು ಹಳೆಯ ಕಂಪ್ಯೂಟರ್ ಇದೆ, ತಾಂಡೂರಿನ ಒಂದು ಮಂಡಳಿ ಇದೆ. ನೆನೆಸಿಕೊಂಡರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಬರಲಿ. ಸಿಟ್ಟಿನಲ್ಲೇ ಬರೆಯುತ್ತೇನೆ.

ನಾನು ಜಹೀರಾಬಾದಿನವನು. ಮನೆಗಳಿಗೆ ತಾಂಡೂರ್ ಕಲ್ಲು ಹಾಸುವುದು ನನ್ನ ಕೆಲಸ; ನಮ್ಮ ಕಡೆ ಅದಕ್ಕೆ ಫರ್ಸಿ ಅನ್ನುತ್ತಾರೆ. ಶಾಲೆಯಲ್ಲಿ ಕಲಿತದ್ದು ಒಂದಿಷ್ಟು ತೆಲುಗು, ಬಜಾರಿನಲ್ಲಿ ಕಲಿತದ್ದು ಉರ್ದು, ನಮ್ಮಪ್ಪ ಮುಂದೆ ಕೂಡಿಸಿಕೊಂಡು ಕೈ ಹಿಡಿದು ತಿದ್ದಿಸಿದ್ದು ಕನ್ನಡ. ಅದಕ್ಕೇ ಬರೆಯುವುದು ಕನ್ನಡದಲ್ಲಿ. ತಪ್ಪು ಇದ್ದರೆ ಮಗಳು ತಿದ್ದುತ್ತಾಳೆ. ಟೈಪ್ ಮಾಡುವವಳೂ ಅವಳೇ.

ಅವಳನ್ನು ಕೊಟ್ಟದ್ದು ನಾರಾಯಣಖೇಡಿಗೆ. ಅಳಿಯ ದುಡಿಯುವ ಹುಡುಗ, ಕುಡಿತ ಇಲ್ಲ, ಮನೂರಿನ ಕಡೆ ತೊಗರಿ ಬೆಳೆಯುವ ಹೊಲ ಇದೆ. ಆ ಮನೆಯವರು ತಾಂಡೂರಿನ ಒಂದು ಮಂಡಳಿಗೆ ನಡೆದುಕೊಳ್ಳುತ್ತಾರೆ ಅಂತ ಮದುವೆಗೆ ಮೊದಲೇ ಗೊತ್ತಿತ್ತು. ಭಜನೆ ಮಾಡುತ್ತಾರೆ, ಮಾಡಲಿ ಅಂದುಕೊಂಡೆವು. ಭಜನೆ ಯಾರ ಮನೆಯಲ್ಲಿಲ್ಲ? ಆದರೆ ಆ ಮಂಡಳಿಯಲ್ಲಿ ಭಜನೆ ಕಡಿಮೆ, ಒಪ್ಪಿಸುವುದು ಹೆಚ್ಚು. ದಿನಾ ದೀಪ ಹಚ್ಚಿದ ಮೇಲೆ ಪ್ರತಿಯೊಬ್ಬರೂ ತಮಗಿಂತ ಮೇಲಿನವರ ಮುಂದೆ ಕೂತು ಆ ದಿನದ್ದೆಲ್ಲ ಬಾಯಿಬಿಟ್ಟು ಹೇಳಬೇಕು. ಏನು ತಿಂದೆ, ಯಾರ ಜೊತೆ ಮಾತಾಡಿದೆ, ಮನಸ್ಸಿನಲ್ಲಿ ಏನು ಬಂತು, ಎಲ್ಲ. ಹೆಂಗಸರು ಒಬ್ಬ ಹಿರಿ ಅಕ್ಕನ ಮುಂದೆ ಒಪ್ಪಿಸಬೇಕು, ಆ ಅಕ್ಕ ದೊಡ್ಡವರ ಮುಂದೆ. ದೊಡ್ಡವರು ಅಂದರೆ ಮಂಡಳಿಯ ಯಜಮಾನರು. "ಅವರು ಯಾರ ಮುಂದ ಒಪ್ಪಿಸ್ತಾರಪ್ಪಾ?" ಅಂತ ನಾನು ಒಮ್ಮೆ ಅಳಿಯನನ್ನು ಕೇಳಿದೆ. ಆಮೇಲೆ ಎಷ್ಟೋ ದಿನ ಅವನು ನನ್ನ ಜೊತೆ ಮಾತಾಡಲಿಲ್ಲ.

ತಾಂಡೂರಿನ ಆ ಸಭಾಮನೆಗೆ ಒಮ್ಮೆ ಹೋಗಿದ್ದೆ. ಕಸುಬಿನ ಕಣ್ಣು, ಮೊದಲು ನೋಡಿದ್ದು ನೆಲವನ್ನೇ. ಒಳ್ಳೆಯ ಫರ್ಸಿ. ದೊಡ್ಡವರು ಕೂಡುವ ಗಾದಿಯ ಮುಂದಿನ ಕಲ್ಲು ಮಾತ್ರ ಬೇರೆ ಕಲ್ಲುಗಳಿಗಿಂತ ನುಣ್ಣಗೆ ಹೊಳೆಯುತ್ತಿತ್ತು. ಯಾವ ಮಶೀನಿನ ಪಾಲಿಶೂ ಅಲ್ಲ. ಮಂದಿ ಹಣೆ ತಿಕ್ಕಿ ತಿಕ್ಕಿ ಹಂಗಾಗಿತ್ತು. ನನ್ನ ಮಗಳ ಹಣೆಯೂ ಅದರಲ್ಲಿತ್ತಲ್ಲ ಅಂತ ಹೊಟ್ಟೆ ಉರಿಯಿತು.

ಆ ಮಂಡಳಿಗೆ ಇನ್ನೊಂದು ಕಟ್ಟಳೆ. ಮಗುವಿನ ಮೊದಲನೇ ಹಾಲುಹಲ್ಲು ಬಿದ್ದರೆ ಆ ಮಗು ಅವತ್ತಿನಿಂದ ಸಭಾಮನೆಯದು. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಪಾಠ. ತಾಯಿ ಹಬ್ಬಕ್ಕೊಮ್ಮೆ ಹೋಗಿ ನೋಡಬಹುದು, ಅದೂ ಅಪ್ಪಣೆ ಸಿಕ್ಕರೆ. ಎಲ್ಲದಕ್ಕೂ ತಲೆ ತಗ್ಗಿಸಿದ ನನ್ನ ಮಗಳಿಗೆ ಒಂದು ಬೆಳಿಗ್ಗೆ ಹುಡುಗಿಗೆ ಹಲ್ಲುಜ್ಜಿಸುವಾಗ ಕೆಳಗಿನ ಹಲ್ಲು ಅಲುಗಾಡಿದ್ದು ಬೆರಳಿಗೆ ತಿಳಿಯಿತಂತೆ. ಅಷ್ಟೇ. ಹುಡುಗಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಹೊರಟುಬಿಟ್ಟಳು.

ಅವತ್ತು ಬಂದ್. ತೆಲಂಗಾಣ ಚಳವಳಿಯ ಆ ವರ್ಷಗಳಲ್ಲಿ ಬಂದ್ ಇಲ್ಲದ ವಾರವೇ ಇರಲಿಲ್ಲ ಅನ್ನಿ. ಬಸ್ಸಿಲ್ಲ, ಹೈವೇ ಮೇಲೆ ಒಲೆ ಹೂಡಿ ಮಂದಿ ಅನ್ನ ಸಾರು ಮಾಡಿ ಅಲ್ಲೇ ಉಣ್ಣುತ್ತಿದ್ದರು. ನಾನೂ ಆ ಪಂಕ್ತಿಯಲ್ಲಿ ಕೂತಿದ್ದೆ. ಕಬ್ಬಿನ ಟ್ರ್ಯಾಕ್ಟರಿನಿಂದ ಒಬ್ಬ ಹೆಂಗಸು ಇಳಿದಳು, ತಲೆ ಮೇಲೆ ಸೆರಗು, ಮಗು. ಯಾರೋ ಪಾಪ, ಹಸಿದಿರಬಹುದು ಅಂತ, "ಬರ್ರಿ ತಾಯಿ, ಊಟ ಮಾಡ್ರಿ" ಅಂದೆ. ಸೆರಗು ಸರಿಸಿದಳು. ನನ್ನ ಮಗಳು! ಅಳಿಯನ ಮನೆಯವರಿಗೆ ಅವತ್ತು ಬೆನ್ನುಹತ್ತಿ ಬರಲು ಗಾಡಿ ಸಿಗಲಿಲ್ಲ. ಬಂದ್ ಕರೆದವರ ಹೊಟ್ಟೆ ತಣ್ಣಗಿರಲಿ.

ಮಗಳು ಮನೆಗೆ ಬಂದಳು, ಸಂತೋಷ. ಆದರೆ ಮಂಡಳಿ ಅವಳ ಜೊತೆಗೇ ಬಂದಿತ್ತು. ಮೊದಲನೇ ಸಂಜೆ ನನ್ನ ಹೆಂಡತಿ ದೀಪ ಹಚ್ಚಿದ್ದೇ ತಡ, ಮಗಳು ಬಂದು ನನ್ನ ಮುಂದೆ ಕಾಲು ಮಡಿಸಿ ಕೂತಳು. "ಅಪ್ಪಾ, ಮುಂಜಾನಿ ಎರಡ್ ರೊಟ್ಟಿ ತಿಂದೀನಿ. ಅವ್ವನ ಸೀರಿ ನೋಡಿ ಆಸಿ ಆತು. ಮಧ್ಯಾಹ್ನ ಒಂದ್ ಸಲ ಸಿಟ್ಟ್ ಬಂತು, ನಿನ್ನ ಮ್ಯಾಗ."

"ಆತು ಬಿಡವ್ವ. ನನಗ್ಯಾಕ ಹೇಳ್ತಿ?"

"ಮತ್ ಯಾರಿಗಿ ಹೇಳ್ಲಿ?"

ಇದು ದಿನಾ. ನಾನು ಬೀಡಿ ಸೇದಲಿಕ್ಕೆ ಹಿತ್ತಲಿಗೆ ಹೋದರೆ ಅಲ್ಲಿಗೂ ಬರುತ್ತಿದ್ದಳು. ಇನ್ನು ಮೊಮ್ಮಗಳು, ನನ್ನ ಬಂಗಾರ, ಅದು ಬೇರೆ ಕಥೆ. "ಮುತ್ಯಾ, ನೀರ್ ಕುಡೀಲೇನು? ಮುತ್ಯಾ, ಹೊರಗ್ ಹೋಗ್ಲೇನು? ಮುತ್ಯಾ, ನಗ್ಲೇನು?" ನಗಲೇನು ಅಂತ ಕೇಳುತ್ತದಲ್ಲ ಕೂಸು! ಯಾರಿಗೆ ಹೊಡೆಯಬೇಕು ಅಂತ ನನಗೆ ತಿಳಿಯುತ್ತಿರಲಿಲ್ಲ.

ಮಗಳು ತಿಂಗಳಿಗೆ ನಾಲ್ಕಾರು ದಿನ ತಾಂಡೂರಿಗೆ ಹೋಗಿ ಇದ್ದು, ಮಂಡಳಿಯ ಆಫೀಸಿನಲ್ಲಿ ತಿಂಗಳ ಪತ್ರಿಕೆ ಟೈಪ್ ಮಾಡುತ್ತಿದ್ದಳು. ಕನ್ನಡ, ತೆಲುಗು ಎರಡೂ ಬರುತ್ತದೆ. ಆ ಕೆಲಸವನ್ನೇ ಮನೆಯಲ್ಲಿ ಮಾಡಲಿ ಅಂತ ಬಸ್‌ಸ್ಟ್ಯಾಂಡ್ ಎದುರಿನ ನೆಟ್ ಅಂಗಡಿಯವನ ಕಡೆಯಿಂದ ಒಂದು ಹಳೆಯ ಕಂಪ್ಯೂಟರ್ ತಂದೆ. ಮದುವೆ ಕಾರ್ಡು, ಚಳವಳಿಯ ಕರಪತ್ರ, ಬೋರ್‌ವೆಲ್ಲಿನ ಜಾಹೀರಾತು, ಏನು ಬಂದರೂ ಟೈಪ್ ಮಾಡಿ ಮೇಲ್‌ನಲ್ಲಿ ಪ್ರೆಸ್ಸಿಗೆ ಕಳಿಸುವುದು. ನನ್ನ ಹೆಂಡತಿ ಅದಕ್ಕೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ತನ್ನ ಹಳೆಯ ಸೀರೆಯಲ್ಲಿ ಗೌಸು ಹೊಲಿದಳು.

ಕಂಪ್ಯೂಟರ್ ಮನೆಗೆ ಬಂದರೆ ಊರೆಲ್ಲ ಡಾಕ್ಟರ್ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಕರೆಂಟ್ ಕೆಲಸದವನು ಬಂದು, "ಕಾಕಾ, ಇದಕ್ಕ ಬಿಸಿ ಆಗಂಗಿಲ್ಲ, ಫ್ಯಾನ್ ಇದರ ಕಡಿ ತಿರುಗಿಸ್ರಿ, ಮನುಷ್ಯಾರ್ ಬೆವತ್ರ ಬೆವರ್ಲಿ" ಅಂದ. ಹಾಲಿನವನು, ಅದರ ಹತ್ತಿರ ಮೊಬೈಲ್ ಇಡಬೇಡಿ, ಎರಡೂ ಸುಡುತ್ತವೆ ಅಂದ. ನೆಟ್ ಅಂಗಡಿಯವನಿಗಂತೂ ಎಲ್ಲಕ್ಕೂ ಒಂದೇ ರೋಗ. ಅಕ್ಷರ ಮೂಡದಿದ್ದರೂ ವೈರಸ್, ಕರೆಂಟ್ ಹೋದರೂ ವೈರಸ್. "ಖರೇ ಹೇಳ್ತೀನಿ ಕಾಕಾ, ವೈರಸ್ಸೇ." ವೈರು ಗೋಡೆಯ ಪ್ಲಗ್ಗಿನಿಂದ ಕಳಚಿ ನೆಲದ ಮೇಲೆ ಬಿದ್ದಿತ್ತು, ಆವಾಗಲೂ ಫೋನಿನಲ್ಲಿ ವೈರಸ್ಸೇ ಅಂದ ಭೂಪ!

ಇವರೆಲ್ಲರನ್ನು ತಡೆದುಕೊಂಡೆ. ಆದರೆ ಆ ಮಶೀನು ಪ್ರಶ್ನೆ ಕೇಳುತ್ತದಲ್ಲ, ಅದನ್ನು ತಡೆಯಲಾಗಲಿಲ್ಲ. ಏನು ಮಾಡಿದರೂ ನಡುವೆ ಒಂದು ಚೌಕ ಮೂಡಿಸಿ ಕೇಳುತ್ತದೆ: ಅಳಿಸಲೇ? ಮುಚ್ಚಲೇ? ಉಳಿಸಲೇ? ಅದು ಕೇಳಿದ ಕೂಡಲೇ ನನ್ನ ಮಗಳು ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂಡುತ್ತಿದ್ದಳು. ತಾಂಡೂರಿನಲ್ಲಿ ಆ ಚೌಕ ಮೂಡಿದರೆ ಹಿರಿ ಅಕ್ಕ ಬರುವ ತನಕ ಕಾಯಬೇಕಿತ್ತಂತೆ. ಇಲ್ಲಿ ಅಕ್ಕ ಎಲ್ಲಿಂದ ಬರಬೇಕು? ನಾನು ಕಲ್ಲು ಕೂಡಿಸುವ ಕೆಲಸ ಬಿಟ್ಟು ಮನೆಗೆ ಬಂದರೆ, "ಅಪ್ಪಾ, ಕೇಳಾಕತ್ತದ, ಏನ್ ಹೇಳ್ಲಿ?"

"ನನಗೇನ್ ತಿಳೀತದವ್ವ! ನೀನ್ ಬರ್ದೀ, ಉಳಿಸೋದೋ ಬಿಡೋದೋ ನಿನಗ ಗೊತ್ತು!"

"ನೀ ಒಂದ್ ಸಲ ಹೂಂ ಅನ್ನು."

ಹೂಂ ಅಂದರೆ ಒತ್ತುವಳು. ನಾನಿಲ್ಲದಾಗ ಅವರವ್ವ ಒಲೆಯ ಮುಂದಿನಿಂದ ಹೂಂ ಅನ್ನಬೇಕು. ಒಮ್ಮೆ ಅವರವ್ವ ಎಮ್ಮೆಗೆ ಹೂಂ ಅಂದದ್ದನ್ನು ಕೇಳಿ ಮಗಳು ಒತ್ತಿಬಿಟ್ಟಳು, ಯಾರದೋ ಮದುವೆಯ ಕಾರ್ಡೇ ಅಳಿಸಿಹೋಯಿತು.

ಇನ್ನೊಂದು ಮಾತು. ಮೇಲ್ ತೆರೆಯುವಾಗ ಮಗಳು ಪ್ರತಿಸಲ ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಆಮೇಲೆ ಟೈಪ್ ಮಾಡುತ್ತಿದ್ದಳು. ಕೆಲಸಕ್ಕೆ ಮೊದಲು ದೇವರನ್ನು ನೆನೆಸುತ್ತಾಳೆ, ಒಳ್ಳೆಯದೇ, ಅಂದುಕೊಂಡಿದ್ದೆ. ನನ್ನ ದಡ್ಡತನ.

ಅವಳ ಜೊತೆ ಓದಿದ ಒಬ್ಬ ಗೆಳತಿ ರಾಯಿಕೋಡಿನಲ್ಲಿ ಟೀಚರ್. ಅವಳಿಗೆ ಮಗಳು ಮೇಲ್ ಬರೆಯುತ್ತಿದ್ದಳು. ಫೋನ್ ಮಾಡಬಾರದೇನು ಅಂದರೆ ಫೋನ್ ಕಿವಿಗಿಟ್ಟ ಕೂಡಲೇ ಇವಳ ಬಾಯಿ ಕಟ್ಟುತ್ತದೆ. ಮಂಡಳಿಯಲ್ಲಿ ಫೋನ್ ಮಾಡುವಾಗ ಬೆನ್ನ ಹಿಂದೆ ಒಬ್ಬರು ನಿಂತಿರುತ್ತಿದ್ದರಲ್ಲ, ಹಾಗಾಗಿ. ಮೊಮ್ಮಗಳನ್ನು ಶಾಲೆಗೆ ಹಾಕುವುದು ನಮ್ಮ ಮೊದಲ ಚಿಂತೆ. ಶಾಲೆಗೆ ಸೇರಿಬಿಟ್ಟರೆ ಸಭಾಮನೆಗೆ ಒಯ್ಯುವುದು ಅಷ್ಟು ಸುಲಭವಲ್ಲ. ಆ ಗೆಳತಿ ಜಹೀರಾಬಾದಿನ ಒಂದು ಶಾಲೆಯ ಹೆಡ್‌ಮೇಡಂಗೆ ಹೇಳಿಟ್ಟಳು, ಯಾವ ದಿನ ಹೋಗಬೇಕು ಅಂತ ಮೇಲ್ ಬರೆದಳು. ಹುಡುಗಿಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ ಕರೆದುಕೊಂಡು ಹೋದೆವು. ಹೆಡ್‌ಮೇಡಂ ಮುಖ ತಿರುಗಿಸಿದರು. ಹಿಂದಿನ ದಿನವೇ ಮಂಡಳಿಯ ಇಬ್ಬರು ಬಂದು, ಮಗುವಿನ ತಂದೆಯ ಒಪ್ಪಿಗೆ ಇಲ್ಲ, ಸೇರಿಸಿಕೊಂಡರೆ ದೊಡ್ಡ ಗಲಾಟೆ ಆಗುತ್ತದೆ ಅಂತ ಹೆದರಿಸಿ ಹೋಗಿದ್ದರು.

ಯಾರು ಹೇಳಿದರು ಅವರಿಗೆ? ನಾನು ಪಕ್ಕದ ಮನೆಯ ಹೆಣ್ಣುಮಗಳ ಮೇಲೆ ಹೋದೆ. ಅವಳ ತವರು ತಾಂಡೂರು, ಅಷ್ಟು ಸಾಕಾಯಿತು ನನಗೆ. ಗೋಡೆಯ ಈಚೆಯಿಂದ ನಾನು, ಆಚೆಯಿಂದ ಅವಳು.

"ನಿನ್ನ ಬಾಯಿಗಿ ಕೀಲಿ ಹಾಕ್ಕೊಳ್ಳಾಕ ಆಗಲ್ಲೇನು?"

"ನಿಮ್ಮ ಮನಿ ಸುದ್ದಿ ಹೇಳಾಕ ನಾ ತಾಂಡೂರಿಗಿ ಹೋಗ್ಬೇಕೇನ್ರಿ ಕಾಕಾ? ಇಲ್ಲೇ ಓಣ್ಯಾಗ ಕೇಳೋರು ರಗಡ್ ಮಂದಿ ಅದಾರ!"

ಅದೂ ಖರೇ ಅನ್ನಿಸಿತು. ಆದರೂ ಬಿಡಲಿಲ್ಲ. ಅವಳ ಮನೆಯಿಂದ ಮಜ್ಜಿಗೆ ಬರುವುದು ನಿಂತಿತು. ನನ್ನ ಹೆಂಡತಿಗೆ ಅದೊಂದು ಬೇರೆ ಸಿಟ್ಟು.

ಆಮೇಲೆ ಹಲ್ಲು ಬಿತ್ತು. ಹುಡುಗಿ ಪೇರಲಹಣ್ಣು ಕಚ್ಚುವಾಗ ಬಿತ್ತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು. "ಮುತ್ಯಾ, ಇನ್ನ ನಾ ಹೋಗ್ಬೇಕೇನು?" ಅಂತ ಕೇಳಿದಳು. ನಾನು ಹಲ್ಲನ್ನು ಸೆಗಣಿಯಲ್ಲಿ ಇಟ್ಟು ಉಂಡೆ ಮಾಡಿ, ಅವಳ ಕೈಗೇ ಕೊಟ್ಟು, ಎತ್ತಿ ಹಿಡಿದು ಮಾಳಿಗೆಯ ಮೇಲೆ ಎಸೆಯಿಸಿದೆ. ನಮ್ಮ ಕಡೆ ಹಾಗೆಯೇ, ಹೊಸ ಹಲ್ಲು ಚೆನ್ನಾಗಿ ಬರಲಿ ಅಂತ. "ಎಲ್ಲೂ ಹೋಗಂಗಿಲ್ಲ ನೀನು. ಹಲ್ಲು ಇಲ್ಲೇ ಅದ, ನೀನೂ ಇಲ್ಲೇ." ಪಕ್ಕದ ಮನೆಯವಳು ಆಗ ಊರಲ್ಲಿರಲಿಲ್ಲ. ನೋಡಿದವರು ಮನೆಯ ನಾಲ್ವರೇ.

ಮರುದಿನ ಜೀಪು ಬಂತು. ಅಳಿಯ, ಹಿರಿ ಅಕ್ಕ, ಇನ್ನೊಬ್ಬ. ಅಳಿಯ ಬಾಗಿಲಲ್ಲೇ ಕೈ ಮುಗಿದು, "ಹಲ್ಲು ಬಿತ್ತಂತಲ್ರಿ ಮಾವಾ. ಕರ್ಕೊಂಡ್ ಹೋಗಾಕ ಬಂದೀವಿ" ಅಂದ.

ನನಗೆ ಕಾಲ ಕೆಳಗಿನ ಫರ್ಸಿಯೇ ಜರುಗಿದಂತಾಯಿತು. "ಹಲ್ಲು ಬಿದ್ದಿದ್ದು ನಿನಗ ಯಾರ್ ಹೇಳಿದ್ರೋ?"

"ದೊಡ್ಡವರಿಗಿ ಎಲ್ಲಾ ಕಾಣ್ತದ್ರಿ."

ಅಷ್ಟರಲ್ಲಿ ಹಿರಿ ಅಕ್ಕ ಒಳಗೆ ಬಂದು ಚಾಪೆಯ ಮೇಲೆ ಕೂತು, ಹುಡುಗಿಯನ್ನು ಬಹಳ ಮೆತ್ತಗೆ ಕರೆದಳು. "ಬಾ ಕಂದಾ. ಇವತ್ತಿಂದು ಹೇಳು." ನನ್ನ ಬಂಗಾರದಂಥ ಮೊಮ್ಮಗಳು ಹೋಗಿ ಅವಳ ಮುಂದೆ ಕಾಲು ಮಡಿಸಿ, ಕಣ್ಣು ಕೆಳಗೆ ಹಾಕಿ ಶುರು ಮಾಡಿದಳು. "ಮುಂಜಾನಿ ಹಾಲು ಕುಡ್ದೀನಿ. ಗುಬ್ಬಿ ನೋಡಿ ನಕ್ಕೀನಿ, ಕೇಳಲಾರ್ದೇ ನಕ್ಕೀನಿ…" ನನ್ನ ಮಗಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು.

ನನ್ನ ಹೆಂಡತಿ ಒಳಗಿನಿಂದ ಬಂದಳು. ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿ ತನ್ನ ಬೆನ್ನ ಹಿಂದೆ ಹಾಕಿಕೊಂಡಳು. "ನಗಾಕ ನಿನ್ನ ಕೇಳ್ಬೇಕೇನವ್ವ? ಚಹಾ ಕುಡೀತೀರೇನು, ಹೋಗ್ತೀರೇನು, ಎರಡ್ರಾಗ ಒಂದ್ ಹೇಳ್ರಿ" ಅಂದಳು. ನಾನು ಹೊರಗೆ ಹೋಗಿ ದೊಡ್ಡ ದನಿಯಲ್ಲಿ ಓಣಿಯವರನ್ನು ಕರೆದೆ. ನಾಲ್ಕು ಮಂದಿ ಸೇರಿದರು. ಜೀಪು ಹಿಂದಕ್ಕೆ ಹೋಯಿತು. "ಅಮಾಸಿ ಆದ ಮ್ಯಾಗ ದೊಡ್ಡವರನ್ನೇ ಕರ್ಕೊಂಡ್ ಬರ್ತೀವಿ" ಅಂತ ಹೇಳಿ ಹೋದರು. ಹೋಗುವಾಗ ಅಳಿಯ ಒಂದು ಸಲ ಮಾಳಿಗೆಯ ಕಡೆಗೆ ತಲೆ ಎತ್ತಿ ನೋಡಿದ. ಹಲ್ಲು ಎಲ್ಲಿದೆ ಅನ್ನುವುದೂ ಅವನಿಗೆ ಗೊತ್ತಿತ್ತು!

ಹಲ್ಲಿನ ಸುದ್ದಿ ಯಾರಿಗೆ ಹೇಳಿದಿ ಅಂತ ಮಗಳನ್ನು ಕೇಳಿದೆ. ಗೆಳತಿಗೆ ಬರೆದಿದ್ದೆ, ಮೇಲ್‌ನಲ್ಲಿ, ಅಂದಳು. ಸೆಗಣಿ, ಮಾಳಿಗೆ ಎಲ್ಲ ಬರೆದಿದ್ದಳು. ಸಂಜೆ ನನಗೆ ಒಪ್ಪಿಸಿ ಸಾಲದೆ ಗೆಳತಿಗೂ ಒಪ್ಪಿಸುತ್ತಿದ್ದಳು ಅಂತ ಕಾಣುತ್ತದೆ. ನಾನು ಅವಳನ್ನು ಕರೆದುಕೊಂಡು ಸೀದಾ ನೆಟ್ ಅಂಗಡಿಗೆ ಹೋದೆ.

"ವೈರಸ್ ಅದ ಕಾಕಾ" ಅಂದ ಅವನು, ನಾನು ಬಾಯಿ ತೆರೆಯುವ ಮೊದಲೇ.

"ವೈರಸ್ ಇರ್ಲಿ, ಹೆಬ್ಬಾವ್ ಇರ್ಲಿ. ಇಕಿ ಬರ್ದಿದ್ದು ತಾಂಡೂರಿನ್ಯಾಗ ಹೆಂಗ್ ಓದ್ತಾರ ಅಷ್ಟ್ ಹೇಳು."

"ಅಕ್ಕಾ, ಪಾಸ್‌ವರ್ಡ್ ಹಾಕ್ರಿ, ನೋಡಮಿ."

ಮಗಳು ಕಣ್ಣು ಮುಚ್ಚಿದಳು, ತುಟಿ ಅಲುಗಿಸಿದಳು, ಟೈಪ್ ಮಾಡಿದಳು. ಅವನು ಅದನ್ನು ನೋಡುತ್ತ, "ಈ ಪಾಸ್‌ವರ್ಡ್ ನಿಮಗ್ ಬಿಟ್ರ ಯಾರಿಗ್ ಗೊತ್ತದ?" ಅಂದ.

"ಎಲ್ಲಾರಿಗೂ."

"ಎಲ್ಲಾರು ಅಂದ್ರ?"

"ಮಂಡಳ್ಯಾಗಿನ ಎಲ್ಲಾರಿಗೂ. ಸೇರಿದ ದಿನ ದೊಡ್ಡವರು ಕಿವ್ಯಾಗ ಹೇಳ್ತಾರಲ್ಲ ಶಬ್ದ, ಅದೇ. ಆಫೀಸಿನ್ಯಾಗ ಮೇಲ್ ಮಾಡಿಕೊಟ್ಟಾಗ ಎಲ್ಲಾರಿಗೂ ಅದನ್ನೇ ಹಾಕ್ಸಿದ್ರು. ಬ್ಯಾರೆ ಹಾಕಿದ್ರ ಬಚ್ಚಿಟ್ಟಂಗ ಆಗ್ತದಂತ."

ಅಂಗಡಿಯವನು ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ಯಾ ಅಲ್ಲಾ! ಎಲ್ಲಾರಿಗೂ ಒಂದೇ? ಕಾಕಾ, ಇದು ವೈರಸ್ ಅಲ್ರಿ." ಅವನ ಬಾಯಿಂದ ಆ ಮಾತು ಬಂದದ್ದು ಅದೊಂದೇ ಸಲ.

ನನಗೆ ಮೈಯೆಲ್ಲ ಉರಿಯಿತು. ಮನೆ ಬಿಟ್ಟು ಬಂದಳು, ಗಂಡನನ್ನು ಬಿಟ್ಟು ಬಂದಳು, ಅವರ ಶಬ್ದವನ್ನು ಮಾತ್ರ ದಿನಾ ಬೆರಳ ತುದಿಯಿಂದ ಜಪ ಮಾಡುತ್ತಿದ್ದಳು. ಆ ಹಿರಿ ಅಕ್ಕ ತಾಂಡೂರಿನಲ್ಲಿ ಆರಾಮಾಗಿ ಕೂತು ನಮ್ಮ ಮನೆಯ ಹಲ್ಲು, ಹಾಲು, ಶಾಲೆ ಎಲ್ಲ ಓದುತ್ತಿದ್ದಳು. ದೊಡ್ಡವರಿಗೆ ಎಲ್ಲ ಕಾಣುತ್ತದಂತೆ! ನನಗೂ ಕಾಣುತ್ತಿತ್ತು, ಕೀಲಿಕೈ ಕೊಟ್ಟಿದ್ದರೆ.

"ಬದ್ಲಿ ಮಾಡು, ಈಗೇ" ಅಂದೆ. ಮಗಳು ಮೌಸಿನಿಂದ ಕೈ ಹಿಂದಕ್ಕೆ ಎಳೆದುಕೊಂಡಳು. ಆ ಶಬ್ದ ಬಿಟ್ಟವರ ಹತ್ತಿರದವರಿಗೆ ಕೇಡಾಗುತ್ತದೆ ಅಂತ ಅವಳ ತಲೆಯಲ್ಲಿ ತುಂಬಿದ್ದರು. ಹತ್ತಿರದವರು ಅಂದರೆ ಇನ್ಯಾರು, ಹುಡುಗಿಯೇ. "ಅಪ್ಪಾ, ಕೂಸಿಗಿ ಏನಾರ ಆದ್ರ?" ಅಂದಳು.

"ಬದ್ಲಿ ಮಾಡ್ಲಿಲ್ಲ ಅಂದ್ರ ಕೂಸನ್ನೇ ಒಯ್ತಾರಲ್ಲ!"

ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಗೆಳತಿ ಇನ್ನೊಂದು ಶಾಲೆ ನೋಡಿಟ್ಟಿದ್ದಳು. ಅದು ಯಾವುದು, ಯಾವಾಗ ಹೋಗಬೇಕು ಅಂತ ಬರೆಯುವುದು ಮೇಲ್ ಭದ್ರ ಆದ ಮೇಲೆಯೇ ಅಂತ ನನಗೆ ಫೋನಿನಲ್ಲಿ ಖಡಕ್ಕಾಗಿ ಹೇಳಿದಳು. "ನನಗೇ ಹೇಳವ್ವ" ಅಂದರೆ, "ಬ್ಯಾಡ್ರಿ ಅಪ್ಪಾ, ನೀವು ಸಿಟ್ಟಿನ್ಯಾಗ ಗೋಡಿ ಮ್ಯಾಗಿಂದ ಕೂಗಿಬಿಡ್ತೀರಿ" ಅಂದಳು. ಪಕ್ಕದ ಮನೆಯ ಜಗಳ ರಾಯಿಕೋಡಿನ ತನಕ ಹೋಗಿತ್ತು.

ಮಗಳು ದಿನಾ ಕಂಪ್ಯೂಟರಿನ ಮುಂದೆ ಕೂಡುವಳು, ಪಾಸ್‌ವರ್ಡ್ ಬದಲಿ ಮಾಡುವ ಜಾಗ ತೆರೆಯುವಳು, ಕೈ ತೆಗೆದು ತೊಡೆಯ ಮೇಲಿಡುವಳು. "ಅಪ್ಪಾ, ಏನ್ ಹಾಕ್ಲಿ? ನೀನೇ ಹೇಳು." ಊರ ಡಾಕ್ಟರುಗಳು ಮತ್ತೆ ಬಂದರು. ಕರೆಂಟಿನವನು, ಮನೆದೇವರ ಹೆಸರು ಹಾಕಿರಿ ಅಂದ. ಹಾಲಿನವನು, ಎಮ್ಮೆಯ ಹೆಸರು ಹಾಕಿರಿ, ಯಾರೂ ಊಹಿಸುವುದಿಲ್ಲ ಅಂದ. ಚಳವಳಿಯ ಹುಡುಗರು ಜೈ ತೆಲಂಗಾಣ ಅಂದರು. ಅದಕ್ಕೆ ಅಂಗಡಿಯವನು, "ಬ್ಯಾಡ್ರಿ, ಈ ಊರಾಗ ಅರ್ಧ ಮಂದೀದು ಅದೇ ಅದ" ಅಂದ. ಅವನಿಗೆ ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ.

ನನಗೆ ಸಾಕಾಗಿಹೋಯಿತು. "ಆತು, ನಾ ಹೇಳ್ತೀನಿ, ಹಾಕು" ಅಂತ ಒಂದು ಶಬ್ದ ಬಾಯಿಗೆ ತಂದೆ. ನನ್ನ ಹೆಂಡತಿ ಜೋಳ ಹಸನ ಮಾಡುತ್ತಿದ್ದ ಮೊರವನ್ನು ನೆಲಕ್ಕೆ ಕುಕ್ಕಿದಳು.

"ನೀವ್ ಯಾಕ್ ಹೇಳ್ತೀರಿ? ಆಗ ಅವರ್ ಹೇಳಿದ್ರು, ಈಗ ನೀವ್ ಹೇಳ್ರಿ. ಗಾದಿ ತರ್ಲೇನು, ಕೂಡ್ತೀರೇನು ಅದರ ಮ್ಯಾಗ?"

ಬಾಯಿಗೆ ಬಂದಿದ್ದ ಶಬ್ದವನ್ನು ನುಂಗಿದೆ. ಸಿಟ್ಟು ಮಾತ್ರ ಇಳಿಯಲಿಲ್ಲ. ಯಾರ ಮೇಲೆ ಹಾಕಬೇಕು ಅಂತ ತಿಳಿಯದೆ ಕಂಪ್ಯೂಟರಿನ ಗೌಸು ಜಾಡಿಸಿದೆ.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ. ಕರೆಂಟ್ ಇತ್ತು, ಅದೇ ಒಂದು ಆಶ್ಚರ್ಯ. ಮಗಳು ಕೂತಿದ್ದಳು. ಚೌಕ ಮೂಡಿತ್ತು. ಅವಳು ನನ್ನ ಕಡೆ ತಿರುಗಿ, "ಅಪ್ಪಾ, ಒತ್ಲೇನು?" ಅಂದಳು. ಅದೇ ಹೊತ್ತಿಗೆ ಹುಡುಗಿ ಬಿಸಿಲಿನಲ್ಲಿ ಆಡಿ ಕೆಂಪಾಗಿ ಬಂದು ಅವಳ ಸೆರಗು ಎಳೆದು, "ಅವ್ವಾ, ನೀರ್ ಕುಡೀಲೇನು?" ಅಂದಳು.

"ನನ್ನ ಯಾಕ್ ಕೇಳ್ತಿ!" ಅಂತ ಮಗಳು ಚೀರಿದಳು. ಅವಳು ಬಂದಾಗಿನಿಂದ ಅಷ್ಟು ದೊಡ್ಡ ದನಿ ನಾನು ಕೇಳಿರಲಿಲ್ಲ. "ನೀರಡಿಕಿ ನಿಂದು, ಬಾಯಿ ನಿಂದು. ಕೊಡ ಅಲ್ಲೇ ಅದ. ಹೋಗಿ ಕುಡಿ!"

ಹುಡುಗಿ ಕಣ್ಣು ದೊಡ್ಡದು ಮಾಡಿ ಹೋಗಿ ಕುಡಿದಳು. ಅವಳು ತಂಬಿಗೆ ಎತ್ತಿ ಕುಡಿಯುವುದನ್ನೇ ಮಗಳು ನೋಡಿದಳು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿದಳು. ಕಣ್ಣು ಮುಚ್ಚಲಿಲ್ಲ, ತುಟಿ ಅಲುಗಲಿಲ್ಲ. ಟಕಟಕ ಅಂತ ಏನೋ ಹೊಡೆದಳು, ಇನ್ನೊಂದು ಸಲ ಅದನ್ನೇ ಹೊಡೆದಳು, ಒತ್ತಿದಳು. ನನ್ನ ಹೂಂ ಕೇಳಲಿಲ್ಲ.

ಒತ್ತಿದ ಮೇಲೆ ಎದ್ದು ಓಡಿಹೋಗಿ ಹುಡುಗಿಯನ್ನು ತಬ್ಬಿಕೊಂಡಳು. ಹಣೆ ಮುಟ್ಟಿದಳು, ಎದೆಗೆ ಕಿವಿ ಇಟ್ಟಳು. ಹುಡುಗಿ, "ಬಿಡವ್ವಾ, ನೀರ್ ಚೆಲ್ತದ" ಅಂತ ಕೊಸರಾಡಿದಳು. ಏನೂ ಆಗಲಿಲ್ಲ. ಸಂಜೆಯ ತನಕ ಮತ್ತೆ ಮತ್ತೆ ಹೋಗಿ ಮುಟ್ಟಿ ಮುಟ್ಟಿ ನೋಡಿದಳು. ಏನೂ ಆಗಲಿಲ್ಲ.

ಪಾಸ್‌ವರ್ಡ್ ಬದಲಿ ಆಯಿತು ಅಂತ ನಾನು ಫೋನ್ ಮಾಡಿದ ಮೇಲೆ ಗೆಳತಿಯ ಮೇಲ್ ಬಂತು. ಅಮಾವಾಸ್ಯೆಯ ದಿನ ಬೆಳಿಗ್ಗೆಯೇ, ಯಾರೂ ಒಳ್ಳೆಯ ಕೆಲಸ ಶುರು ಮಾಡದ ದಿನ, ನಾವು ಹುಡುಗಿಯನ್ನು ಶಾಲೆಗೆ ಸೇರಿಸಿದೆವು. ಅಲ್ಲಿಗೆ ಯಾರೂ ನಮಗಿಂತ ಮೊದಲು ಬಂದಿರಲಿಲ್ಲ. ಅಲ್ಲಿಯ ಹೆಡ್‌ಮೇಡಂ ಗಟ್ಟಿ ಹೆಂಗಸು, ಸೇರಿಸಿಕೊಂಡ ಮೇಲೆ ತಾಯಿ ಬಂದು ಕೇಳದೆ ಮಗುವನ್ನು ಯಾರ ಕೈಗೂ ಕೊಡುವುದಿಲ್ಲ ಅಂದರು.

ಆಮೇಲೆ ಜೀಪು ಬಂತು. ದೊಡ್ಡವರು ಬಂದಿರಲಿಲ್ಲ, ಮುಂದೆ ಏನಾಗುತ್ತದೆ ಅಂತ ಗೊತ್ತಿಲ್ಲದ ಕಡೆಗೆ ಅಂಥವರು ಬರುವುದಿಲ್ಲ ಅಂತ ಕಾಣುತ್ತದೆ. ಹಿರಿ ಅಕ್ಕ, ಅಳಿಯ ಇಬ್ಬರೇ. ಮಗಳು ಬಾಗಿಲಿಗೆ ತಾನೇ ಹೋದಳು.

"ಕೂಸು ಎಲ್ಲಿ?" ಅಂದಳು ಅಕ್ಕ.

"ಸಾಲಿಗಿ ಹೋಗ್ಯಾಳ."

"ಯಾವ ಸಾಲಿ?"

"ಹೇಳಂಗಿಲ್ಲ."

ಅಕ್ಕ ಇನ್ನೊಂದು ಸಲ ಕೇಳಿದಳು, ಮೆತ್ತಗೆ. ಮಗಳೂ ಮೆತ್ತಗೇ, "ಹೇಳಂಗಿಲ್ರಿ" ಅಂದಳು. ಅವರ ಹತ್ತಿರ ಇನ್ನೊಂದು ಪ್ರಶ್ನೆ ಇರಲಿಲ್ಲ. ಅಳಿಯ ಜೀಪು ಹತ್ತುವ ಮೊದಲು ನನ್ನ ಹತ್ತಿರ ಬಂದು ಹಿರಿ ಅಕ್ಕನಿಗೆ ಕೇಳದಂತೆ, "ಹೊಸ ಹಲ್ಲು ಬಂತೇನ್ರಿ ಮಾವಾ?" ಅಂದ. "ಚೂಪಗ ಕಾಣಾಕತ್ತದ" ಅಂದೆ. ಪಾಪ ಅನ್ನಿಸಿತು, ಸಿಟ್ಟೂ ಬಂತು. ಎಂದಾದರೂ ಒಬ್ಬನೇ ಬಂದರೆ ಚಹಾ ಕೊಡುತ್ತೇನೆ.

ಪಕ್ಕದ ಮನೆಯ ಹೆಣ್ಣುಮಗಳಿಗೆ ಕೈ ಮುಗಿದೆ. ಅವಳು ಒಂದು ವಾರ ಸತಾಯಿಸಿ ಆಮೇಲೆ ಮಜ್ಜಿಗೆ ಕಳಿಸಿದಳು. ಮಗಳು ಈಗ ಸಂಜೆ ದೀಪ ಹಚ್ಚಿದ ಮೇಲೆ ನನ್ನ ಮುಂದೆ ಬಂದು ಕೂಡುವುದಿಲ್ಲ. ಮೊದಮೊದಲು ಆ ಹೊತ್ತಿಗೆ ನಾನೇ ಚಡಪಡಿಸುತ್ತಿದ್ದೆ. ಏನು ತಿಂದಳೋ, ಯಾರ ಮೇಲೆ ಸಿಟ್ಟಾದಳೋ! ಹುಡುಗಿ ಬೆಲ್ಲ ಕದ್ದು ಬೆಕ್ಕಿನ ಮೇಲೆ ಹಾಕಿದ್ದು ಅದೇ ದಿನಗಳಲ್ಲಿ. ಪೇಡೆಯ ಕಾರಣ ಈಗ ನಿಮಗೆ ತಿಳಿಯಿತಲ್ಲ.

ಒಂದು ಮಾತ್ರ ನನ್ನನ್ನು ಇವತ್ತಿಗೂ ಕೊರೆಯುತ್ತದೆ. ಅವಳು ಹಾಕಿದ ಶಬ್ದ ಯಾವುದು? ಒತ್ತಿದ ದಿನವೇ ಕೇಳಿದ್ದೆ.

"ಏನ್ ಹಾಕ್ದಿ?"

"ಹೇಳಂಗಿಲ್ಲಪ್ಪಾ."

"ನನಗೂ?"

"ನಿನಗೂ."

ಹೆತ್ತ ಅಪ್ಪ ನಾನು! ತನ್ನ ಮಗಳ ಹೆಸರಿರಬಹುದೇ? ಬೆಲ್ಲ? ಮಾಳಿಗೆ? ಎಮ್ಮೆಯ ಹೆಸರಂತೂ ಅಲ್ಲ, ಅದನ್ನು ನಾನು ಅಂಗಡಿಯವನ ಎದುರು ಹೊಡೆದು ನೋಡಿದ್ದೇನೆ. ಅದಕ್ಕೆ ಅವಳು ಎರಡು ದಿನ ಮಾತು ಬಿಟ್ಟಳು, ನನ್ನ ಹೆಂಡತಿ ಸಾರಿಗೆ ಉಪ್ಪು ಹಾಕುವುದು ಬಿಟ್ಟಳು. ಆಮೇಲೆ ನಾನು ಕೈ ಹಚ್ಚಿಲ್ಲ. ಬೇಕಾದಷ್ಟು ಸಿಟ್ಟು ಬರುತ್ತದೆ, ಆದರೆ ಅವಳು ಹೇಳಂಗಿಲ್ಲ ಅಂದಾಗಲೆಲ್ಲ ಎದೆ ತುಂಬಿ ಬರುತ್ತದೆ. ಹಾಗಂತ ಕೇಳುವುದನ್ನು ನಿಲ್ಲಿಸಿಲ್ಲ.

ಇದನ್ನು ಬರೆದು ಅವಳ ಕೈಗೆ ಕೊಡುವಾಗ ಕೊನೆಯಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೆ. ಟೈಪ್ ಮಾಡುವಾಗ ಆ ಶಬ್ದವನ್ನು ಇಲ್ಲಿ ಹಾಕವ್ವ, ಓದುವವರಿಗೆ ಗೊತ್ತಾಗಲಿ, ನಾನು ಬೇಕಾದರೆ ಆ ಸಾಲು ಓದುವುದಿಲ್ಲ ಅಂದೆ. ನಕ್ಕಳು. ಟೈಪ್ ಮಾಡಿ ತಂದುಕೊಟ್ಟದ್ದನ್ನು ಕನ್ನಡಕ ಹಾಕಿಕೊಂಡು ನೋಡಿದೆ. ನಾನು ಬಿಟ್ಟಿದ್ದ ಖಾಲಿ ಸಾಲೂ ಇರಲಿಲ್ಲ.